ಮಾಗಿಯ ಚಳಿಯಲ್ಲಿ ಟ್ರೇ ಮತ್ತು ಕುಂಡದ ಮೆಣಸಿನಕಾಯಿ ಸಸಿಗಳ ರಕ್ಷಣೆ

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ತರಕಾರಿ ಬೆಳೆಗಾರರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಹಿಂಗಾರು ಮಳೆ ಹಿಂದೆ ಸರಿದು, ರಾಗಿ ಕಣಕ್ಕೆ ಬಂದು, ಆಕಾಶ ತಿಳಿಯಾಗುವ ಮಾರ್ಗಶಿರ ಮತ್ತು ಪುಷ್ಯ ಮಾಸಗಳು ಬಾವಿ ಮತ್ತು ಕೊಳವೆ ಬಾವಿ ಇರುವ ರೈತರಿಗೆ ಬಿಡುವಿನ ಕಾಲವಲ್ಲ. ಬೇಸಿಗೆಯ ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಮತ್ತು ಟೊಮೆಟೊ ಬೆಳೆಗೆ ಸಸಿ ಎಬ್ಬಿಸುವುದು ಈ ದಿನಗಳಲ್ಲೇ. ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಬಿತ್ತಿದ ಬೀಜ ಜನವರಿ ಕೊನೆಗೆ ಅಥವಾ ಫೆಬ್ರವರಿಯಲ್ಲಿ ಹೊಲ ಸೇರಬೇಕು. ಏಪ್ರಿಲ್ ಹೊತ್ತಿಗೆ ಹಸಿ ಕಾಯಿ ಮಾರುಕಟ್ಟೆ ಸೇರಬೇಕು. ಊಟಿಯ ಕಡೆಗೂ ವಯನಾಡಿನ ಕಡೆಗೂ ಹೋಗುವ ರಸ್ತೆಗಳು ಗುಂಡ್ಲುಪೇಟೆಯನ್ನೇ ಹಾಯ್ದು ಹೋಗುವುದರಿಂದ ಇಲ್ಲಿನ ತರಕಾರಿಗೆ ಗಿರಾಕಿಗಳು ಹತ್ತಿರದಲ್ಲೇ ಇದ್ದಾರೆ. ಆದರೆ ಸಸಿ ಬೆಳೆಯುವ ಈ 40 ರಿಂದ 50 ದಿನಗಳಲ್ಲೇ ವರ್ಷದ ಅತಿ ಹೆಚ್ಚಿನ ಚಳಿಯೂ ಬರುತ್ತದೆ ಎಂಬುದನ್ನು ಮರೆಯಬಾರದು.

ಈ ಸಸಿಗಳ ಮೇಲೆ ಎಷ್ಟು ನಿಂತಿದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ನೋಡಬಹುದು. ಸಾಲಿನಿಂದ ಸಾಲಿಗೆ 75 ಸೆಂ.ಮೀ. ಮತ್ತು ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಅಂತರ ಕೊಟ್ಟರೆ ಒಂದು ಎಕರೆಗೆ ಸುಮಾರು 12,000 ಸಸಿಗಳು ಬೇಕು. 98 ಗುಳಿಗಳ ಟ್ರೇ ಆದರೆ 123 ಟ್ರೇಗಳು. ಹುಟ್ಟದವು, ಸತ್ತವು ಎಂದು ಸೇರಿಸಿಕೊಂಡರೆ 130 ಟ್ರೇಗಳು. ಒಂದು ಟ್ರೇ ಹಿಡಿಯುವ ಜಾಗ ಸುಮಾರು 54 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಅಂದರೆ 130 ಟ್ರೇಗಳನ್ನು ಒತ್ತಾಗಿ ಜೋಡಿಸಿದರೆ ಬೇಕಾಗುವ ಜಾಗ ಕೇವಲ 20 ಚದರ ಮೀಟರು. ಒಂದು ಎಕರೆ ಬೆಳೆಯ ಅದೃಷ್ಟವೆಲ್ಲ ಆ 45 ದಿನ ಒಂದು ದನದ ಕೊಟ್ಟಿಗೆಯಷ್ಟು ಜಾಗದಲ್ಲಿ ಕೂತಿರುತ್ತದೆ. ಒಂದು ಎಕರೆ ಹೊಲವನ್ನು ಚಳಿಯಿಂದ ಕಾಯುವುದು ಯಾರಿಂದಲೂ ಆಗದ ಮಾತು. 20 ಚದರ ಮೀಟರನ್ನು ಕಾಯುವುದು ಪ್ರತಿಯೊಬ್ಬ ರೈತನ ಕೈಯಲ್ಲಿದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಈ ಸೀಮೆಯ ಚಳಿಯ ಸ್ವರೂಪ

ಗುಂಡ್ಲುಪೇಟೆ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ದಕ್ಷಿಣಕ್ಕೆ ನೀಲಗಿರಿ ಬೆಟ್ಟಗಳು, ಹಂಗಳದ ಕಡೆಗೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಚಾಮರಾಜನಗರ ಇದಕ್ಕಿಂತ ತಗ್ಗಿನಲ್ಲಿದ್ದರೂ ಅದರ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲಿದೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಊಟಿಯ ಬಯಲುಗಳಲ್ಲಿ ನೀರು ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಬಿಳಿ ಹಿಮ ಕೂರುತ್ತದೆ. ಈ ಎರಡು ತಾಲ್ಲೂಕುಗಳ ಬಯಲು ಸೀಮೆಯಲ್ಲಿ ಅಂಥ ಹಿಮ ಬೀಳುವುದಿಲ್ಲ. ಅದರಿಂದಲೇ ಅನೇಕ ರೈತರು ಇಲ್ಲಿ ಚಳಿಯಿಂದ ಸಸಿಗೆ ಏನೂ ಆಗದು ಎಂದು ಭಾವಿಸುತ್ತಾರೆ. ಇದು ಸರಿಯಲ್ಲ.

ಮೆಣಸಿನಕಾಯಿ ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದ ಗಿಡ. ಪೋರ್ಚುಗೀಸರು ಇದನ್ನು ಭಾರತಕ್ಕೆ ತಂದು 400 ವರ್ಷಗಳ ಮೇಲಾದರೂ ಗಿಡದ ಹುಟ್ಟುಗುಣ ಬದಲಾಗಿಲ್ಲ. ಅದರ ಬೀಜ ಚೆನ್ನಾಗಿ ಮೊಳೆಯಲು 25 ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. 15 ಡಿಗ್ರಿಗಿಂತ ಕೆಳಗೆ ಮೊಳಕೆಯೂ ಬೆಳವಣಿಗೆಯೂ ಬಹಳ ನಿಧಾನವಾಗುತ್ತವೆ. 10 ಡಿಗ್ರಿಯ ಆಸುಪಾಸಿಗೆ ಇಳಿದ ರಾತ್ರಿಗಳು ಮೂರು ನಾಲ್ಕು ಸಾಲಾಗಿ ಬಂದರೆ, ಹಿಮ ಬೀಳದಿದ್ದರೂ ಎಳೆಯ ಸಸಿಗೆ ಪೆಟ್ಟು ಬೀಳುತ್ತದೆ. ಹೆಪ್ಪುಗಟ್ಟದೆಯೇ ಆಗುವ ಈ ಹಾನಿಯನ್ನು ಚಳಿಪೆಟ್ಟು ಎನ್ನಬಹುದು. ದಪ್ಪ ಮೆಣಸಿನಕಾಯಿ ಇದನ್ನು ಇನ್ನೂ ಕಡಿಮೆ ತಾಳುತ್ತದೆ. ನೆರೆಯ ಮೈಸೂರಿನಲ್ಲಿ 2012ರ ಜನವರಿ 16ರಂದು ಕನಿಷ್ಠ ಉಷ್ಣತೆ 7.7 ಡಿಗ್ರಿಗೆ ಇಳಿದಿತ್ತು. ಅಂಥ ದಿನಗಳು ಪ್ರತಿ ವರ್ಷ ಬರುವುದಿಲ್ಲ. ಆದರೆ ಬಂದ ವರ್ಷ ಸಿದ್ಧತೆ ಮಾಡಿಕೊಳ್ಳಲು ಸಮಯ ಕೊಡುವುದಿಲ್ಲ.

ಇನ್ನೊಂದು ವಿಷಯ ಗಮನದಲ್ಲಿರಬೇಕು. ಹವಾಮಾನ ಕೇಂದ್ರಗಳು ಕೊಡುವ ಉಷ್ಣತೆ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಅಳೆದದ್ದು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆಗ ನೆಲಕ್ಕೆ ಹತ್ತಿರದ ಗಾಳಿ, ಅಂದರೆ ಸಸಿ ಇರುವ ಎತ್ತರದ ಗಾಳಿ, ಅದಕ್ಕಿಂತ ಕೆಲವು ಡಿಗ್ರಿ ಹೆಚ್ಚು ತಣ್ಣಗಿರುತ್ತದೆ. ರೇಡಿಯೋದಲ್ಲಿ 12 ಡಿಗ್ರಿ ಎಂದು ಕೇಳಿದ ರಾತ್ರಿ ಟ್ರೇಯ ಸಸಿಯ ತಲೆಯ ಮೇಲೆ 9 ಅಥವಾ 10 ಡಿಗ್ರಿ ಇರಬಹುದು. ತಣ್ಣನೆಯ ಗಾಳಿ ಭಾರವಾದುದರಿಂದ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಬೆಟ್ಟದ ತಪ್ಪಲಿನ ಹಳ್ಳದ ಪಕ್ಕದ ಹೊಲಗಳಲ್ಲಿ, ಕೆರೆಯ ಹಿಂದಿನ ತಗ್ಗುಗಳಲ್ಲಿ ಚಳಿಯ ಹಾನಿ ಹೆಚ್ಚು.

ನೆಲದ ಗಿಡಕ್ಕೂ ಟ್ರೇಯ ಗಿಡಕ್ಕೂ ಇರುವ ವ್ಯತ್ಯಾಸ

ಒಂದೇ ರಾತ್ರಿ, ಒಂದೇ ಊರಿನಲ್ಲಿ, ಹೊಲದ ಮೆಣಸಿನಕಾಯಿ ಗಿಡ ಚೆನ್ನಾಗಿರುತ್ತದೆ. ಟ್ರೇಯ ಸಸಿ ಬಾಡುತ್ತದೆ. ಇದಕ್ಕೆ ಕಾರಣ ಎಲೆಯಲ್ಲಿಲ್ಲ, ಬೇರಿನಲ್ಲಿದೆ. ಭೂಮಿ ಹಗಲು ಹೀರಿದ ಬಿಸಿಲನ್ನು ರಾತ್ರಿಯವರೆಗೆ ಹಿಡಿದಿಡುತ್ತದೆ. ಒಂದು ಅಡಿ ಆಳದಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬಹುದು. ನೆಲದ ಗಿಡದ ತಲೆ ಚಳಿಯಲ್ಲಿದ್ದರೂ ಕಾಲು ಬೆಚ್ಚಗಿರುತ್ತದೆ. ಟ್ರೇಯ ಒಂದು ಗುಳಿಯಲ್ಲಿ ಹಿಡಿಯುವ ತೆಂಗಿನ ನಾರಿನ ಪುಡಿ ಎರಡು ಮೂರು ಚಮಚದಷ್ಟು ಮಾತ್ರ. ಅದಕ್ಕೆ ಶಾಖ ಹಿಡಿದಿಡುವ ಶಕ್ತಿ ಇಲ್ಲ. ಟ್ರೇಗಳನ್ನು ಕಂಬಿಯ ಸ್ಟ್ಯಾಂಡಿನ ಮೇಲೆ ಇಟ್ಟಿದ್ದರಂತೂ ಮೇಲೂ ಕೆಳಗೂ ಚಳಿಗಾಳಿ ಆಡುತ್ತದೆ. ಪಾಲಿಥೀನ್ ಚೀಲ ಮತ್ತು ಕುಂಡಗಳ ಸ್ಥಿತಿಯೂ ಇದೇ. ಪಾತ್ರೆ ಚಿಕ್ಕದಾದಷ್ಟೂ ಅಪಾಯ ಹೆಚ್ಚು.

ಬೇರು ತಣ್ಣಗಾದಾಗ ಅದು ನೀರನ್ನು ಎಳೆಯುವುದು ಬಹಳ ಕಡಿಮೆಯಾಗುತ್ತದೆ. ಬೆಳಿಗ್ಗೆ ಬಿಸಿಲು ಎಲೆಗೆ ಬಿದ್ದು ಎಲೆ ನೀರು ಬಿಡತೊಡಗುತ್ತದೆ. ಕೆಳಗೆ ಬೇರು ಇನ್ನೂ ಮರಗಟ್ಟಿರುತ್ತದೆ. ಗುಳಿಯಲ್ಲಿ ನೀರಿದ್ದರೂ ಸಸಿ ಬಾಡುತ್ತದೆ. ಇದನ್ನು ಕಂಡ ರೈತ ನೀರು ಸಾಲದೆಂದು ತಿಳಿದು ಮತ್ತೆ ಹನಿಸುತ್ತಾನೆ. ಮೊದಲೇ ಒದ್ದೆಯಾಗಿದ್ದ ನಾರಿನ ಪುಡಿ ಇನ್ನೂ ತಣ್ಣಗಾಗಿ ಬೇರಿಗೆ ಗಾಳಿ ಸಿಗದಂತಾಗುತ್ತದೆ. ಪಿಥಿಯಂ ಮೊದಲಾದ ಶಿಲೀಂಧ್ರಗಳು ಬುಡವನ್ನು ಹಿಡಿದು ಸಸಿಗಳು ಮಗ್ಗುಲಾಗಿ ಬೀಳುತ್ತವೆ. ಚಳಿಗಾಲದಲ್ಲಿ ಚಳಿಯೊಂದರಿಂದಲೇ ಸತ್ತ ಸಸಿಗಳಿಗಿಂತ, ಚಳಿ ಮತ್ತು ಹೆಚ್ಚು ನೀರು ಎರಡೂ ಸೇರಿ ಸತ್ತ ಸಸಿಗಳೇ ಹೆಚ್ಚೆಂದು ಹೇಳಿದರೆ ತಪ್ಪಾಗದು. ಈ ಭಾಷಣದ ಮುಖ್ಯ ಮಾತು ಇದೇ: ಬುಡಕ್ಕೆ ನೆಲದ ಆಸರೆ, ತಲೆಗೆ ರಾತ್ರಿಯ ಮಾಡು, ನೀರು ಬೆಳಿಗ್ಗೆ ಮಾತ್ರ.

ಚಳಿಪೆಟ್ಟಿನ ಗುರುತುಗಳು

ಚಳಿಪೆಟ್ಟನ್ನು ಮುರುಟು ರೋಗವೆಂದು ತಪ್ಪು ತಿಳಿದು ಔಷಧಿಗೆ ಹಣ ಸುರಿಯುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ.

ಚಳಿಪೆಟ್ಟು ಬಿದ್ದ ಸಸಿಗಳು ಬೆಳಿಗ್ಗೆ ಎಲೆ ಇಳಿಬಿಟ್ಟು ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಕಾಂಡ ಮತ್ತು ಎಲೆಯ ಕೆಳಭಾಗದಲ್ಲಿ ನೇರಳೆ ಛಾಯೆ ಕಾಣಬಹುದು. ತಣ್ಣಗಿನ ಬೇರು ರಂಜಕವನ್ನು ಸರಿಯಾಗಿ ತೆಗೆದುಕೊಳ್ಳದಿರುವುದು ಇದಕ್ಕೆ ಒಂದು ಕಾರಣ. ಸುಳಿ ಎಲೆ ಮಂಕಾಗಿ ಬೆಳವಣಿಗೆ ನಿಂತುಹೋಗುತ್ತದೆ. ಪೆಟ್ಟು ಹೆಚ್ಚಾದರೆ ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಮಚ್ಚೆಗಳು ಮೂಡಿ, ಅವು ಎರಡು ಮೂರು ದಿನಗಳಲ್ಲಿ ಒಣಗಿ ಕಂದಾಗುತ್ತವೆ. ಇದು ಮಡಿಯ ಅಂಚಿನ ಟ್ರೇಗಳಲ್ಲಿ, ಗಾಳಿ ಬೀಸುವ ಕಡೆಯ ಟ್ರೇಗಳಲ್ಲಿ ಒಂದೇ ಸಮನಾಗಿ, ಒಂದೇ ರಾತ್ರಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಥ್ರಿಪ್ಸ್ ನುಸಿಯಾದರೆ ಎಲೆಯ ಅಂಚು ಮೇಲಕ್ಕೆ ಮುದುಡುತ್ತದೆ. ಮೈಟ್ ನುಸಿಯಾದರೆ ಕೆಳಕ್ಕೆ ಬಾಗಿ ಮಗುಚಿದ ದೋಣಿಯಂತಾಗುತ್ತದೆ. ಇವು ಅಲ್ಲಲ್ಲಿ ಕಾಣಿಸಿಕೊಂಡು ದಿನೇ ದಿನೇ ಹರಡುತ್ತವೆ. ಎಲೆಯ ಅಡಿಯನ್ನು ಭೂತಗನ್ನಡಿಯಿಂದ ನೋಡಿದರೆ ಕೀಟ ಕಣ್ಣಿಗೆ ಬೀಳುತ್ತದೆ. ಕೀಟ ಕಾಣದೆ ಕೀಟನಾಶಕ ಹೊಡೆಯಬಾರದು. ಚಳಿಯಿಂದ ಬಳಲಿದ ಎಳೆ ಸಸಿಗೆ ಔಷಧಿಯ ಹೊಡೆತವೂ ಸೇರಿದರೆ ಇದ್ದ ಜೀವವೂ ಹೋಗಬಹುದು.

ಬಿತ್ತನೆ ಮತ್ತು ಮೊಳಕೆ

ಬೇಸಿಗೆಯಲ್ಲಿ ಏಳೆಂಟು ದಿನಗಳಲ್ಲಿ ಮೊಳೆಯುವ ಬೀಜ ಚಳಿಗಾಲದಲ್ಲಿ 10 ರಿಂದ 14 ದಿನ ತೆಗೆದುಕೊಳ್ಳಬಹುದು. ಬೀಜ ತಣ್ಣಗಿನ ಒದ್ದೆಯಲ್ಲಿ ಹೆಚ್ಚು ದಿನ ಕೂತಷ್ಟೂ ಕೊಳೆಯುವ ಭಯ ಹೆಚ್ಚು. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಹತ್ತರಂತೆ ಪೇರಿಸಿ, ಸುತ್ತಲೂ ಪಾಲಿಥೀನ್ ಹಾಳೆ ಹೊದಿಸಿ ಇಡುವ ಪದ್ಧತಿ ಈಗಾಗಲೇ ರೂಢಿಯಲ್ಲಿದೆ. ಚಳಿಗಾಲದಲ್ಲಿ ಈ ಪೇರಿಕೆಯನ್ನು ತೆರೆದ ಚಪ್ಪರದಲ್ಲಿಡದೆ ಮನೆಯ ಒಳಗೆ, ಅಡುಗೆ ಮನೆಯ ಗೋಡೆಯ ಪಕ್ಕ ಅಥವಾ ದನಗಳಿಗೆ ಎಟುಕದಂತೆ ಕೊಟ್ಟಿಗೆಯ ಅಟ್ಟದ ಮೇಲೆ ಇಡುವುದು ಒಳ್ಳೆಯದು. ದನಗಳ ಮೈಶಾಖದಿಂದ ಕೊಟ್ಟಿಗೆ ಹೊರಗಿಗಿಂತ ಯಾವಾಗಲೂ ಬೆಚ್ಚಗಿರುತ್ತದೆ. ಆರನೇ ದಿನದಿಂದ ಪ್ರತಿದಿನ ಬಿಚ್ಚಿ ನೋಡಬೇಕು. ಮೊಳಕೆ ತಲೆ ಎತ್ತಿದ ಕೂಡಲೇ ಟ್ರೇಗಳನ್ನು ಹರಡಿ ಬೆಳಕಿಗೆ ಇಡಬೇಕು; ಒಂದು ದಿನ ತಡವಾದರೂ ಸಸಿ ಬಿಳಿಚಿಕೊಂಡು ಉದ್ದವಾಗುತ್ತದೆ. ಅಂಥ ನೀಳ ಸಸಿ ಚಳಿಗೂ ರೋಗಕ್ಕೂ ಮೊದಲ ತುತ್ತು.

ನಾರಿನ ಪುಡಿಗೆ ಬಿತ್ತನೆಗೆ ಮುಂಚೆ ಟ್ರೈಕೋಡರ್ಮಾ ಬೆರೆಸುವುದರಿಂದ ಸಸಿ ಕೊಳೆ ರೋಗ ಕಡಿಮೆಯಾಗುತ್ತದೆ. ರೋಗ ಕಾಣಿಸಿಕೊಂಡರೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ, ಬಿಸಿಲೇರಿದ ಮೇಲೆ ಬುಡ ನೆನೆಯುವಷ್ಟು ಮಾತ್ರ ಹಾಕಬೇಕು. ಟ್ರೈಕೋಡರ್ಮಾ ಮತ್ತು ತಾಮ್ರದ ಔಷಧಿಯನ್ನು ಒಟ್ಟಿಗೆ ಹಾಕಬಾರದು.

ಜಾಗದ ಆಯ್ಕೆ ಮತ್ತು ಜೋಡಣೆ

ಸಸಿ ಮಡಿಗೆ ಎತ್ತರದ, ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ ಬೇಕು. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಈಶಾನ್ಯದ ಕಡೆಯಿಂದ ಬೀಸುವುದರಿಂದ ಆ ಕಡೆಗೆ ಹೆಣೆದ ತೆಂಗಿನ ಗರಿಯ ಅಥವಾ ಜೋಳದ ಕಡ್ಡಿಯ ತಡಿಕೆ ನಿಲ್ಲಿಸಬೇಕು. ತಡಿಕೆ ಬೆಳಗಿನ ಬಿಸಿಲಿಗೆ ಅಡ್ಡ ಬಾರದಷ್ಟು ದೂರದಲ್ಲಿರಲಿ. ದಕ್ಷಿಣಕ್ಕೆ ಮುಖ ಮಾಡಿದ ಮಣ್ಣಿನ ಅಥವಾ ಕಲ್ಲಿನ ಗೋಡೆ ಇದ್ದರೆ ಅದರ ಮುಂದಿನ ಜಾಗ ಬಹಳ ಒಳ್ಳೆಯದು. ಗೋಡೆ ಹಗಲು ಕುಡಿದ ಶಾಖವನ್ನು ರಾತ್ರಿ ಹೊರಬಿಡುತ್ತದೆ.

ಚಳಿಯ ವಾರಗಳಲ್ಲಿ ಟ್ರೇಗಳನ್ನು ಸ್ಟ್ಯಾಂಡಿನಿಂದ ಕೆಳಗಿಳಿಸಬೇಕು. ನೆಲದ ಮೇಲೆ ಒಂದು ಪಾಲಿಥೀನ್ ಹಾಳೆ ಹಾಸಿ ಅದರ ಮೇಲೆ ಟ್ರೇಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಬೇಕು. ಹಾಳೆ ಹಾಸುವುದು ಬೇರು ನೆಲಕ್ಕೆ ಇಳಿಯದಿರಲಿ ಎಂಬ ಕಾರಣಕ್ಕೆ. ಹಾಳೆಯ ಮೇಲೆ ನೀರು ನಿಲ್ಲದಂತೆ ಮಡಿ ಸ್ವಲ್ಪ ಇಳಿಜಾರಾಗಿರಲಿ. ನೆಲದ ಮೇಲೆ ದಪ್ಪವಾಗಿ ಹುಲ್ಲು ಹಾಸಿ ಅದರ ಮೇಲೆ ಟ್ರೇ ಇಡುವುದು ಸರಿಯಲ್ಲ. ಹುಲ್ಲು ನೆಲದ ಶಾಖ ಮೇಲಕ್ಕೆ ಬರದಂತೆ ತಡೆಯುತ್ತದೆ. ಹುಲ್ಲಿಗೆ ಜಾಗ ಮಡಿಯ ಸುತ್ತಲೂ: ಅಂಚಿನ ಟ್ರೇಗಳ ಪಕ್ಕಕ್ಕೆ ಒತ್ತಾಗಿ ರಾಗಿ ಹುಲ್ಲು, ಭತ್ತದ ಹುಲ್ಲು ಅಥವಾ ಮಣ್ಣು ತುಂಬಿದ ಗೋಣಿಚೀಲಗಳನ್ನು ಇಡಬೇಕು.

ಮಡಿಯ ಅಗಲಕ್ಕೆ ಎರಡು ಟ್ರೇಗಳನ್ನು ಉದ್ದುದ್ದ ಇಟ್ಟರೆ ಅಗಲ ಸುಮಾರು 1.1 ಮೀಟರ್ ಆಗುತ್ತದೆ. 130 ಟ್ರೇಗಳಿಗೆ ಮಡಿಯ ಉದ್ದ ಸುಮಾರು 18 ಮೀಟರ್. ಇದನ್ನು 9 ಮೀಟರಿನ ಎರಡು ಮಡಿಗಳಾಗಿ ಮಾಡಿಕೊಂಡರೆ ಓಡಾಡಲು, ಹೊದಿಸಲು ಅನುಕೂಲ.

ನೀರು ಕೊಡುವ ಕ್ರಮ

ಚಳಿಗಾಲದಲ್ಲಿ ಸಸಿ ನೀರು ಕುಡಿಯುವುದು ಕಡಿಮೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಹನಿಸಿದ ಅಭ್ಯಾಸವನ್ನು ಇಲ್ಲಿ ಮುಂದುವರಿಸಬಾರದು. ಟ್ರೇಯ ಒಂದು ಮೂಲೆ ಎತ್ತಿ ತೂಕ ನೋಡಿದರೆ ನೀರು ಬೇಕೋ ಬೇಡವೋ ಎಂಬುದು ನಾಲ್ಕೈದು ದಿನಗಳಲ್ಲೇ ಕೈಗೆ ತಿಳಿಯುತ್ತದೆ. ನಾರಿನ ಪುಡಿಯನ್ನು ಬೆರಳಿನಿಂದ ಹಿಂಡಿದಾಗ ನೀರು ಇಳಿದರೆ ಅಂದು ನೀರು ಬೇಡ.

ನೀರು ಕೊಡುವ ಹೊತ್ತು ಬೆಳಿಗ್ಗೆ 9 ರಿಂದ 11 ಗಂಟೆ. ಹಾಗೆ ಮಾಡಿದರೆ ಸಂಜೆಯ ಹೊತ್ತಿಗೆ ಎಲೆ ಒಣಗಿ, ನಾರಿನ ಪುಡಿ ಬಿಸಿಲಿನ ಶಾಖ ಹೀರಿರುತ್ತದೆ. ಪೂರ್ತಿ ಒಣಗಲು ಬಿಡುವುದೂ ತಪ್ಪು. ಹದವಾದ ತೇವ ಇರುವ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ. ಸಂಜೆ ನಾಲ್ಕರ ನಂತರ ಯಾವ ಕಾರಣಕ್ಕೂ ನೀರು ಹನಿಸಬಾರದು.

ನೀರಿನ ಬಿಸುಪನ್ನೂ ನೋಡಬೇಕು. ರಾತ್ರಿಯೆಲ್ಲ ತೆರೆದ ತೊಟ್ಟಿಯಲ್ಲಿ ನಿಂತ ನೀರು ಬೆಳಿಗ್ಗೆ ಬಹಳ ತಣ್ಣಗಿರುತ್ತದೆ. ಕೊಳವೆ ಬಾವಿಯಿಂದ ಆಗತಾನೆ ಮೇಲೆ ಬಂದ ನೀರು ಬೆಚ್ಚಗಿರುತ್ತದೆ. ಚಳಿಗಾಲದ ಮುಂಜಾನೆ ಅದರಿಂದ ಹಬೆ ಏಳುವುದನ್ನು ಎಲ್ಲರೂ ಕಂಡಿದ್ದಾರೆ. ಸಾಧ್ಯವಿದ್ದಲ್ಲಿ ಆ ನೀರನ್ನೇ ಬಳಸಬೇಕು. ತೊಟ್ಟಿಯ ನೀರೇ ಗತಿಯಾದರೆ ಬಿಸಿಲಿಗೆ ಕಾದ ಮೇಲೆ ಬಳಸಬೇಕು.

ರಾತ್ರಿಯ ಹೊದಿಕೆ

ಹೊದಿಕೆ ಶಾಖವನ್ನು ಹುಟ್ಟಿಸುವುದಿಲ್ಲ. ನೆಲದಲ್ಲಿರುವ ಶಾಖ ಆಕಾಶಕ್ಕೆ ಹೋಗದಂತೆ ಹಿಡಿದಿಡುತ್ತದೆ, ಅಷ್ಟೆ. ಆದ್ದರಿಂದ ಹಗಲು ಮಡಿಗೆ ಚೆನ್ನಾಗಿ ಬಿಸಿಲು ಬಿದ್ದಿರಬೇಕು, ಸಂಜೆ ಶಾಖ ಇರುವಾಗಲೇ ಹೊದಿಸಬೇಕು. ಕತ್ತಲಾಗಿ ಚಳಿ ಹಿಡಿದ ಮೇಲೆ ಹೊದಿಸಿದರೆ ಚಳಿಯನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ.

ಬಿದಿರಿನ ದಬ್ಬೆಗಳನ್ನು ಬಾಗಿಸಿ ಮೀಟರಿಗೊಂದರಂತೆ ಮಡಿಯ ಎರಡೂ ಬದಿಗೆ ನೆಟ್ಟು ಕಮಾನು ಮಾಡಿಕೊಳ್ಳಬೇಕು. ಎರಡು ಮಡಿಗಳಿಗೆ 20 ಕಮಾನುಗಳು ಸಾಕು. ಕಮಾನಿನ ನಡುವಿನ ಎತ್ತರ 60 ಸೆಂ.ಮೀ. ಇರಲಿ. ಇದರ ಮೇಲೆ 2.5 ಮೀಟರ್ ಅಗಲದ ಹೊದಿಕೆ ಹಾಕಿದರೆ ಎರಡೂ ಬದಿಗೆ ನೆಲದವರೆಗೆ ಬಂದು ಮಣ್ಣು ಅಥವಾ ಕಲ್ಲು ಹೇರಲು ಅಂಚು ಸಿಗುತ್ತದೆ. ಹೊದಿಕೆ ನೆಲ ಮುಟ್ಟಲೇಬೇಕು. ಬದಿ ತೆರೆದಿದ್ದರೆ ಶ್ರಮವೆಲ್ಲ ವ್ಯರ್ಥ. ಎಲೆ ಹೊದಿಕೆಗೆ ತಾಗಬಾರದು. ತಾಗಿದ ಎಲೆಗೆ ಹೊರಗಿನ ಚಳಿ ನೇರವಾಗಿ ತಟ್ಟುತ್ತದೆ.

ಹೊದಿಕೆಗೆ ಪಾಲಿಥೀನ್ ಒಂದೇ ಸಾಕೆಂಬ ನಂಬಿಕೆ ಇದೆ. ಬಿಳಿ ಪಾಲಿಥೀನ್ ಹಾಳೆ ಗಾಳಿಯನ್ನು ತಡೆಯುತ್ತದೆ, ಆದರೆ ನೆಲದಿಂದ ಹೊರಡುವ ಶಾಖದ ಕಿರಣಗಳನ್ನು ಬಹುಮಟ್ಟಿಗೆ ಹಾಗೆಯೇ ಹೊರಕ್ಕೆ ಬಿಡುತ್ತದೆ. ಹಳೆಯ ಸೀರೆ, ಹತ್ತಿ ಬಟ್ಟೆ, ಗೋಣಿತಾಟು ಈ ಕಿರಣಗಳನ್ನು ತಡೆಯುತ್ತವೆ. ಆದ್ದರಿಂದ ಕಮಾನಿನ ಮೇಲೆ ಮೊದಲು ಪಾಲಿಥೀನ್, ಅದರ ಮೇಲೆ ಹಳೆಯ ಬಟ್ಟೆ ಅಥವಾ ಗೋಣಿತಾಟು ಹಾಕುವುದು ಅತ್ಯುತ್ತಮ. ಎರಡರಲ್ಲಿ ಒಂದೇ ಸಿಗುವುದಾದರೆ ದಟ್ಟವಾದ ಬಟ್ಟೆಯೇ ಮೇಲು. ಕೀಟ ನಿರೋಧಕ ಬಲೆ ಚಳಿಯನ್ನು ತಡೆಯುವುದಿಲ್ಲ. ನೆರಳು ಬಲೆ ರಾತ್ರಿ ಸ್ವಲ್ಪ ನೆರವಾಗುತ್ತದೆ. ಆದರೆ ಹಗಲು ಅದನ್ನು ಸುತ್ತಿಟ್ಟು ಸಸಿಗೂ ನೆಲಕ್ಕೂ ಬಿಸಿಲು ಬೀಳಗೊಡಬೇಕು.

ನೀರು ತುಂಬಿದ ಹಳೆಯ ಪ್ಲಾಸ್ಟಿಕ್ ಕ್ಯಾನುಗಳಿಗೆ ಕಪ್ಪು ಬಣ್ಣ ಬಳಿದು ಮಡಿಯ ಬದಿಗೆ ಕಮಾನಿನೊಳಗೆ ಸಾಲಾಗಿ ಇಟ್ಟರೆ, ಹಗಲು ಕಾದ ನೀರು ರಾತ್ರಿಯೆಲ್ಲ ನಿಧಾನವಾಗಿ ಶಾಖ ಬಿಡುತ್ತದೆ. ಖರ್ಚಿಲ್ಲದ ಉಪಾಯವಿದು.

ಬೆಳಿಗ್ಗೆ ಬಿಸಿಲು ಮಡಿಗೆ ಬಿದ್ದ ಕೂಡಲೇ, ಅಂದರೆ 8 ರಿಂದ 9 ಗಂಟೆಯೊಳಗೆ, ಹೊದಿಕೆ ತೆಗೆಯಬೇಕು. ಮೊದಲು ಬಟ್ಟೆ, ಅರ್ಧ ಗಂಟೆ ಬಿಟ್ಟು ಪಾಲಿಥೀನ್. ಹಾಳೆಯೊಳಗೆ ಬಿಸಿಲು ಸೇರಿದರೆ ಉಷ್ಣತೆ ಬೇಗನೆ 40 ಡಿಗ್ರಿ ದಾಟಬಹುದು. ರಾತ್ರಿ ಚಳಿಯಿಂದ ಉಳಿಸಿದ ಸಸಿಯನ್ನು ಹಗಲು ಬೇಯಿಸಿದಂತಾಗಬಾರದು. ಹೊದಿಕೆ ತೆಗೆಯುವುದನ್ನು ಮನೆಯಲ್ಲಿ ಒಬ್ಬರ ಹೊಣೆಯೆಂದು ಗೊತ್ತುಮಾಡಿಡುವುದು ಅವಶ್ಯ.

ಕೆಲವರು ಮಡಿಯ ಪಕ್ಕ ಹೊಗೆ ಹಾಕುತ್ತಾರೆ. ಹೊಗೆಯಿಂದ ಸಿಗುವ ಶಾಖ ಅತ್ಯಲ್ಪ. ಎಳೆ ಸಸಿಗೆ ಮಸಿ ಕೂತು ತೊಂದರೆಯೇ ಹೆಚ್ಚು. ಮುಚ್ಚಿದ ಪಾಲಿ ಮನೆಯಲ್ಲಾಗಲಿ ಕೋಣೆಯಲ್ಲಾಗಲಿ ಕೆಂಡದ ಬಾಣಲೆ ಇಟ್ಟು ಕಾವಲು ಮಲಗುವುದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಹೊರಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಷ್ಟು ಸಸಿ ಹೋದರೂ ಇಂಥ ಕೆಲಸಕ್ಕೆ ಕೈಹಾಕಬಾರದು.

ಗೊಬ್ಬರ

ಸಸಿ ಬೆಳೆಯುತ್ತಿಲ್ಲವೆಂದು ಚಳಿಯಲ್ಲಿ ಯೂರಿಯಾ ಕೊಡುವುದು ಸರಿಯಲ್ಲ. ತಣ್ಣಗಿನ ಬೇರು ಅದನ್ನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೂ ಮೂಡುವ ಮೆದುವಾದ ಚಿಗುರು ಮುಂದಿನ ಚಳಿಗೆ ಮೊದಲು ಸುಡುತ್ತದೆ. ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಮೇಲೆ ಬಂದು ಹೊಸ ಎಲೆ ಕಂಡ ಮೇಲೆ, ನೀರಿನಲ್ಲಿ ಕರಗುವ ಗೊಬ್ಬರವನ್ನು ತೆಳುವಾಗಿ ಕೊಡಬಹುದು.

ಪೆಟ್ಟು ಬಿದ್ದ ಮೇಲೆ

ಎಲ್ಲ ಎಚ್ಚರಿಕೆಯ ನಡುವೆಯೂ ಒಂದು ರಾತ್ರಿ ಚಳಿ ತಟ್ಟಿದರೆ ಗಾಬರಿಯಾಗಿ ಟ್ರೇಗಳನ್ನು ತಿಪ್ಪೆಗೆ ಸುರಿಯಬಾರದು. ಅಂದು ಬೆಳಿಗ್ಗೆ ಸಸಿಗಳ ಮೇಲೆ ಬಿಸಿಲು ಒಮ್ಮೆಲೇ ಬೀಳದಂತೆ ನೆರಳು ಬಲೆ ಎಳೆದು, ಬೇರು ಬೆಚ್ಚಗಾಗಲು ಒಂದೆರಡು ಗಂಟೆ ಬಿಡಬೇಕು. ಒದ್ದೆಯಿದ್ದರೆ ನೀರು ಹಾಕಬಾರದು. ಸುಟ್ಟ ಎಲೆಗಳನ್ನು ಕೂಡಲೇ ಕೀಳಬಾರದು. ಏಳೆಂಟು ದಿನ ಕಾಯಬೇಕು. ಉಗುರಿನಿಂದ ಕಾಂಡವನ್ನು ಮೆಲ್ಲನೆ ಕೆರೆದು ನೋಡಿದಾಗ ಒಳಗೆ ಹಸಿರಿದ್ದರೆ ಸಸಿಗೆ ಜೀವವಿದೆ. ಸುಳಿ ಸತ್ತಿದ್ದರೂ ಎಲೆಯ ಕಂಕುಳಿನಿಂದ ಹೊಸ ಚಿಗುರು ಬರಬಹುದು. ಕಾಂಡ ಕಂದಾಗಿ ಮೆತ್ತಗಾಗಿದ್ದರೆ ಅಥವಾ ಬುಡ ದಾರದಂತೆ ಸೊರಗಿದ್ದರೆ ಆ ಸಸಿಯನ್ನು ತೆಗೆದುಹಾಕಬೇಕು, ಇಲ್ಲವಾದರೆ ರೋಗ ಪಕ್ಕದ ಗುಳಿಗೆ ಹರಡುತ್ತದೆ.

ಬೆಳವಣಿಗೆ ನಿಂತ ಸಸಿಗಳು ನಾಟಿಗೆ ಎಂಟು ಹತ್ತು ದಿನ ತಡವಾಗಬಹುದು. ಲೆಕ್ಕದ ದಿನ ಬಂತೆಂದು ಚಳಿಯ ನಡುವೆಯೇ ನಾಟಿ ಮಾಡುವುದಕ್ಕಿಂತ ಕಾಯುವುದು ಲೇಸು. ಹಾಗೆಂದು ಬೇರು ಗುಳಿಯಲ್ಲಿ ಸುರುಳಿ ಸುತ್ತುವಷ್ಟು ದಿನ ಬಿಡುವುದೂ ಸಲ್ಲ. ಯಾರ ಬಳಿ ಎಷ್ಟು ಸಸಿ ಉಳಿದಿದೆ ಎಂಬುದನ್ನು ಆ ವಾರವೇ ಎಣಿಸಿ, ಸಾಲದಿದ್ದಷ್ಟನ್ನು ಮರುಬಿತ್ತನೆ ಮಾಡುವ ತೀರ್ಮಾನ ಕೂಡಲೇ ತೆಗೆದುಕೊಳ್ಳಬೇಕು. ತಡಮಾಡಿದರೆ ಕಾಯಿ ಕೊಯ್ಲು ಬೇಸಿಗೆಯ ಉತ್ತಮ ಬೆಲೆಯ ದಿನಗಳನ್ನು ದಾಟಿ ಹೋಗಬಹುದು.

ಕುಂಡ ಮತ್ತು ಚೀಲದ ಗಿಡಗಳು

ಹಿತ್ತಲಿನ ಕುಂಡಗಳಲ್ಲಿ, ಹಳೆಯ ಎಣ್ಣೆ ಡಬ್ಬಗಳಲ್ಲಿ ಅಡುಗೆಗೆಂದು ಮೆಣಸಿನಕಾಯಿ ಗಿಡ ಬೆಳೆಸುವ ಮನೆಗಳು ಬಹಳ. ಮೆಣಸಿನಕಾಯಿ ಸ್ವಭಾವತಃ ಬಹುವಾರ್ಷಿಕ ಗಿಡ. ಚಳಿಯಿಂದ ಉಳಿಸಿಕೊಂಡರೆ ಗಾಂಧಾರಿಯಂಥ ಗಿಡ ಹಲವು ವರ್ಷ ಕಾಯಿ ಕೊಡುತ್ತದೆ. ಚಳಿ ಹೆಚ್ಚಾದ ರಾತ್ರಿ ಕುಂಡಗಳನ್ನು ಜಗಲಿಯ ಮೇಲೆ, ಸೂರಿನ ಕೆಳಗೆ ಗೋಡೆಗೆ ಒತ್ತಿ ಇಟ್ಟರೆ ಸಾಕು. ತಾರಸಿಯ ಮೇಲಿನ ಕುಂಡಗಳಿಗೆ ಅಪಾಯ ಹೆಚ್ಚು; ಅವನ್ನು ಗುಂಪಾಗಿ ಸೇರಿಸಿ ಹೊರಸುತ್ತಿಗೆ ಗೋಣಿಚೀಲ ಸುತ್ತಬೇಕು. ಹೂವು ಉದುರಿದರೆ ಚಿಂತೆ ಬೇಡ. ರಾತ್ರಿ 15 ಡಿಗ್ರಿಗಿಂತ ಕೆಳಗಿದ್ದಾಗ ಪರಾಗ ಸರಿಯಾಗಿ ಕೆಲಸ ಮಾಡದು. ದಪ್ಪ ಮೆಣಸಿನಕಾಯಿಯಲ್ಲಿ ಆಗ ಕಚ್ಚಿದ ಕಾಯಿಗಳು ಬೀಜವಿಲ್ಲದೆ ಚಿಕ್ಕದಾಗಿ ಚಪ್ಪಟೆಯಾಗುತ್ತವೆ. ಅಂಥವನ್ನು ಕಿತ್ತುಹಾಕುವುದು ಲೇಸು.

ತೆಂಗು ಅಡಿಕೆ ತೋಟಗಳಿಗೆಂದು ಪಾಲಿಥೀನ್ ಚೀಲಗಳಲ್ಲಿ ಕಾಳುಮೆಣಸಿನ ಬಳ್ಳಿ ಬೆಳೆಸುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಕಾಳುಮೆಣಸು ಬೇರೆ ಜಾತಿಯ ಗಿಡವಾದರೂ ಅದೂ ಬೆಚ್ಚನೆಯ ನಾಡಿನದು. 10 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೂ ಒಗ್ಗದು. ಒಂದು ಗೇಣು ಆಳದ ಗುಂಡಿ ತೆಗೆದು ಚೀಲಗಳನ್ನು ಅರ್ಧದವರೆಗೆ ಇಳಿಸಿ, ಸಂದಿಗೆ ಮಣ್ಣು ತುಂಬಿದರೆ ನೆಲದ ಶಾಖ ಬೇರಿಗೆ ಸಿಗುತ್ತದೆ. ನೀರು ಬಸಿದು ಹೋಗುವ ಏರ್ಪಾಡು ಮಾತ್ರ ಇರಲೇಬೇಕು.

ದಿನಚರಿ

ಚಳಿಯ ವಾರಗಳಲ್ಲಿ ಈ ಕ್ರಮವನ್ನು ತಪ್ಪದೆ ಅನುಸರಿಸಬೇಕು:

1. ಬೆಳಿಗ್ಗೆ 8 ರಿಂದ 9: ಉಷ್ಣಮಾಪಕ ನೋಡಿ ರಾತ್ರಿಯ ಕನಿಷ್ಠ ಉಷ್ಣತೆ ಬರೆದಿಡುವುದು, ಹೊದಿಕೆ ತೆಗೆಯುವುದು.

2. 9 ರಿಂದ 11: ಟ್ರೇಯ ತೂಕ ನೋಡಿ, ಬೇಕಿದ್ದರೆ ಮಾತ್ರ ನೀರು.

3. ಮಧ್ಯಾಹ್ನ: ಸಸಿಗಳ ಎಲೆ, ಬುಡ, ಎಲೆಯ ಅಡಿ ಪರೀಕ್ಷಿಸುವುದು, ಸತ್ತ ಸಸಿ ತೆಗೆಯುವುದು.

4. ಸಂಜೆ 5ರ ಒಳಗೆ: ಬಿಸಿಲು ಇರುವಾಗಲೇ ಹೊದಿಸಿ ಅಂಚಿಗೆ ಮಣ್ಣು ಹೇರುವುದು.

5. ರಾತ್ರಿ: ಹವಾಮಾನ ಇಲಾಖೆಯ ಮುನ್ಸೂಚನೆ ಕೇಳುವುದು. ತಿಳಿ ಆಕಾಶ, ಗಾಳಿ ಇಲ್ಲದ ರಾತ್ರಿಯೆಂದರೆ ಎರಡು ಪದರ ಹೊದಿಕೆ.

ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ತೋರುವ ಉಷ್ಣಮಾಪಕವನ್ನು ಸಸಿಯ ಎತ್ತರದಲ್ಲಿ, ಹೊದಿಕೆಯ ಒಳಗೊಂದು ಹೊರಗೊಂದು ತೂಗುಹಾಕಿದರೆ ಹೊದಿಕೆಯಿಂದ ಎಷ್ಟು ಡಿಗ್ರಿ ಉಳಿಯಿತೆಂಬುದು ಕಣ್ಣಿಗೇ ಕಾಣುತ್ತದೆ. ಎರಡು ಮೂರು ಡಿಗ್ರಿ ಉಳಿದರೂ ಸಾಮಾನ್ಯ ವರ್ಷಗಳಲ್ಲಿ ಅದೇ ಸಾಕು. ನಾಲ್ಕೈದು ಮಂದಿ ರೈತರು ಸೇರಿ ಇಂಥ ಲೆಕ್ಕ ಎರಡು ಮೂರು ವರ್ಷ ಇಟ್ಟರೆ, ತಮ್ಮ ಊರಿನ ಯಾವ ಹೊಲ ಚಳಿಯ ಹೊಲ, ಯಾವುದು ಬೆಚ್ಚಗಿನ ಹೊಲ ಎಂಬುದು ಖಚಿತವಾಗಿ ತಿಳಿಯುತ್ತದೆ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಈ ಕೆಲಸಕ್ಕೆ ಮುಂದಾಗಬೇಕು. ಸಸಿಗಳ ರೋಗ ಗುರುತಿಸುವುದರಲ್ಲಿ ಅನುಮಾನ ಬಂದವರು ಟ್ರೇಯ ಒಂದು ತುಂಡನ್ನು ಸಸಿ ಸಮೇತ ಚಾಮರಾಜನಗರದ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು.

ಬಿದಿರು ದಬ್ಬೆ, ಹಳೆಯ ಸೀರೆ, ಗೋಣಿತಾಟು, ರಾಗಿ ಹುಲ್ಲು ಇವೆಲ್ಲ ಯಾವ ರೈತನ ಮನೆಯಲ್ಲೂ ಇರುವ ವಸ್ತುಗಳು. ಬೇಕಾದದ್ದು ಹೊತ್ತಿಗೆ ಸರಿಯಾಗಿ ಹೊದಿಸಿ, ಹೊತ್ತಿಗೆ ಸರಿಯಾಗಿ ತೆಗೆಯುವ ಶಿಸ್ತು. ಬೀಜದ ಪೊಟ್ಟಣಕ್ಕೆ ಕೊಟ್ಟ ಹಣ, 45 ದಿನಗಳ ದುಡಿಮೆ ಮತ್ತು ಬೇಸಿಗೆಯ ಫಸಲು, ಈ ಮೂರೂ ಆ 20 ಚದರ ಮೀಟರಿನಲ್ಲಿವೆ. ಡಿಸೆಂಬರ್ ಬರುವ ಮುಂಚೆಯೇ ಕಮಾನು ನೆಟ್ಟು, ಹೊದಿಕೆ ಮಡಿಸಿ ಪಕ್ಕಕ್ಕಿಟ್ಟುಕೊಂಡ ರೈತನಿಗೆ ಮಾಗಿಯ ಚಳಿ ಭಯದ ಮಾತಾಗಲಾರದು.